ಬೀರು ಮೇಲಿನ ಹಸು

ಬಾಡಿಗೆ ಮನೆಗೆ ಹೊಸ ಸಾಮಾನು ತಂದರೆ ಅದು ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಒಂದಷ್ಟು ರಗಳೆಯನ್ನೂ ಕರೆದುಕೊಂಡು ಬರುತ್ತದೆ. ನಮ್ಮ ಮನೆಯಲ್ಲಂತೂ ಇದು ತಪ್ಪಿದ್ದೇ ಇಲ್ಲ. ಫ್ರಿಜ್ ತಂದಾಗ ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ಪೂರ್ತಿ ಅಲ್ಲೇ ನಿಂತಿತ್ತು. ಮೇಲಿದ್ದ ನಾನು ಕೆಳಗೆ ಇಳಿಯುವ ಹಾಗಿಲ್ಲ, ಕೆಳಗಿದ್ದ ನನ್ನ ಗಂಡ ಮೇಲೆ ಹತ್ತುವ ಹಾಗಿಲ್ಲ. ಆದರೆ ಸ್ಪೀಕರ್‌ಗಳು ಮಾಡಿದ ರಾದ್ಧಾಂತದ ಮುಂದೆ ಫ್ರಿಜ್ಜಿನದು ಏನೇನೂ ಅಲ್ಲ.

ನಾನು ಧಾರಾವಾಹಿ, ಕಿರುಚಿತ್ರಗಳಿಗೆ ಸೌಂಡ್ ಜೋಡಿಸುವವಳು. ಬಾಗಿಲು ಕಿರುಗುಟ್ಟುವುದು, ಗುಡುಗುವುದು, ಧಾರಾವಾಹಿಯ ಅತ್ತೆ ಸೊಸೆಯ ಕೆನ್ನೆಗೆ ಬಾರಿಸುವುದು, ಎಲ್ಲ ಸದ್ದೂ ನನ್ನ ಕಂಪ್ಯೂಟರ್ ಮೇಜಿನಿಂದಲೇ ಹೊರಡಬೇಕು. ಕತ್ರಿಗುಪ್ಪೆಯ ಒಂದು ಮಹಡಿ ಮನೆಯಲ್ಲಿ ನಾನು, ನನ್ನ ಗಂಡ, ನಮ್ಮತ್ತೆ ಇದ್ದೇವೆ. ಕೆಳಗೆ ಓನರ್ ಅಂಕಲ್. ಗಾಳಿ ಬೆಳಕಿನ ಮನೆ, ಕಾವೇರಿ ನೀರು ಬರುತ್ತದೆ, ಅತ್ತೆಗೆ ದೇವಸ್ಥಾನ ಕಾಲ್ನಡಿಗೆಯ ದೂರ. ಈ ಮನೆ ಬಿಡುವ ಮಾತು ಬಂದರೆ ನಮ್ಮ ಮೂವರಿಗೂ ಊಟ ಸೇರುವುದಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಾ ಬಂದಿತ್ತು. ಮುಂದುವರಿಸುತ್ತಾರೋ ಇಲ್ಲವೋ, ಅಂಕಲ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ನನಗೆ ಸುತ್ತಲಿಂದ ಕೇಳುವ ಸ್ಪೀಕರ್ ಸೆಟ್ ತರುವ ಬುದ್ಧಿ ಬಂತು.

ಮೊಳೆಯ ಕಾನೂನು

ಈ ಸೆಟ್ಟಿನಲ್ಲಿ ಮೂರು ಸ್ಪೀಕರ್ ಮೇಜಿನ ಮುಂದೆ ಇರಬೇಕು, ಎರಡು ನನ್ನ ಬೆನ್ನ ಹಿಂದೆ, ಕಿವಿಯ ಮಟ್ಟಕ್ಕೆ ಗೋಡೆಯಲ್ಲಿ. ಮುಂದಿನವು ಮೇಜಿನ ಮೇಲೆ ಕೂತವು. ಹಿಂದಿನವಕ್ಕೆ ಗೋಡೆ ಬೇಕು. ಗೋಡೆ ಅಂಕಲ್‌ದು.

ನಾವು ಮನೆ ನೋಡಲು ಬಂದ ದಿನವೇ ಅವರು ಗೋಡೆಯನ್ನು ಎಮ್ಮೆಯ ಮೈ ಸವರಿದ ಹಾಗೆ ಸವರುತ್ತಾ ಹೇಳಿದ್ದರು: "ಮಾಂಸ ಮಾಡ್ಕೊಳ್ಳಿ, ನೆಂಟರನ್ನ ಇಟ್ಕೊಳ್ಳಿ, ನಾನೇನೂ ಕೇಳಲ್ಲ. ಮೊಳೆ ಮಾತ್ರ ಹೊಡೀಬೇಡಿ." ನಮ್ಮತ್ತೆ ಒಂದು ಕ್ಯಾಲೆಂಡರ್ ಮೊಳೆಗಾಗಿ ಅವರಿಗೆ ಮಾಡದ ಉಪಚಾರವಿಲ್ಲ. ಗೌರಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟರು, ಸಂಕ್ರಾಂತಿಗೆ ಎಳ್ಳು ಬೀರಿದರು. ಅಂಕಲ್ ಎಲ್ಲವನ್ನೂ ತಿಂದು, "ರುಚಿಯಾಗಿತ್ತಕ್ಕ" ಎಂದರೇ ಹೊರತು ಮೊಳೆಯ ಮಾತೆತ್ತಲಿಲ್ಲ. ಹಾಗಾಗಿ ನಮ್ಮ ಕ್ಯಾಲೆಂಡರ್ ಫ್ರಿಜ್ ಮೇಲೆ ಮಲಗಿತ್ತು. ಏಕಾದಶಿ ಯಾವತ್ತು ಎಂದು ನೋಡಬೇಕಾದರೆ ಅದನ್ನು ಎಬ್ಬಿಸಿ ಕೆಳಗಿಳಿಸಬೇಕಿತ್ತು.

ಆದರೂ ಕೇಳಿ ನೋಡೋಣವೆಂದು ಹೋದೆ.

"ಅಂಕಲ್, ಎರಡೇ ಎರಡು ತೂತು. ನಾವು ಖಾಲಿ ಮಾಡುವಾಗ ಸಿಮೆಂಟ್ ಹಾಕಿ ಮುಚ್ಚಿಸಿಬಿಡ್ತೀನಿ."

"ಯಾವಾಗ ಖಾಲಿ ಮಾಡ್ತೀರಮ್ಮ?" ಎಂದರು ಅಂಕಲ್.

ನಾನು ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ.

ಅತ್ತೆಯ ಹೊಸ ಸ್ಟೂಲು

ಕೊನೆಗೆ ಹಿಂದಿನ ಎಡಗಡೆಯ ಸ್ಪೀಕರ್ ಬೀರು ಮೇಲೆ ಹೋಯಿತು, ಬಲಗಡೆಯದು ಬೀದಿ ಕಡೆಯ ಕಿಟಕಿ ಕಟ್ಟೆಯ ಮೇಲೆ. ಉಳಿದಿದ್ದು ಸೆಟ್ಟಿನ ಜೊತೆಗೇ ಬಂದಿದ್ದ, ನೆಲದ ಮೇಲಿಡುವ ದೊಡ್ಡ ಕರಿ ಡಬ್ಬ. ಗುಡುಗು, ಬಾಂಬು, ಇಂಥ ದಪ್ಪ ಸದ್ದೆಲ್ಲ ಅದರದ್ದು. ಅದನ್ನು ಮೇಜಿನ ಪಕ್ಕ ಇಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಅತ್ತೆ ಅದರ ಮೇಲೆ ಹಳೇ ಟವೆಲ್ ಹಾಸಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು.

"ಅಮ್ಮಾ, ಅದು ಸ್ಪೀಕರ್."

"ಇರಲಿ ಬಿಡೇ, ಗಟ್ಟಿಯಾಗಿದೆ."

ಅವತ್ತು ಒಂದು ಕಿರುಚಿತ್ರದ ಕಲ್ಲು ಕ್ವಾರಿ ಸ್ಫೋಟಕ್ಕೆ ಸದ್ದು ಜೋಡಿಸುವುದಿತ್ತು. ಹೆದರಿ ಏಳಲಿ ಎಂದು ಹೇಳದೆ ಕೇಳದೆ ಹಾಕಿದೆ. ಢಂ! ತಟ್ಟೆಯಲ್ಲಿದ್ದ ಬೇಳೆ ಎದ್ದು ಕುಣಿಯಿತು. ಅತ್ತೆ ಕಣ್ಣು ಮುಚ್ಚಿ ಕೂತೇ ಇದ್ದರು. ಹೆಚ್ಚುಕಮ್ಮಿ ಆಯಿತೇನೋ ಎಂದುಕೊಂಡೆ. ಓಡಿ ಹೋಗಿ ಭುಜ ಹಿಡಿದೆ.

ಅವರು ನಿಧಾನವಾಗಿ ಕಣ್ಣು ತೆರೆದು, "ಮಂಡಿ ನೋವಿಗೆ ಏನು ಹಿತವಾಗಿದೆ ಕಣೇ! ಇನ್ನೊಂದು ಬಾಂಬ್ ಹಾಕು" ಎಂದರು.

ಕಾಣದ ಬೈಕು

ಅಂಕಲ್ ಶಾಂತ ಸ್ವಭಾವದವರು. ಆದರೆ ಅವರ ಗೇಟಿನ ಮುಂದೆ ಯಾರಾದರೂ ಗಾಡಿ ನಿಲ್ಲಿಸಿದರೆ ಮುಗಿಯಿತು. ಬೋರ್ಡು ಹಾಕಿದ್ದಾರೆ, ಹೂಕುಂಡ ಇಟ್ಟಿದ್ದಾರೆ, ಎರಡು ಸೈಜುಗಲ್ಲು ಉರುಳಿಸಿದ್ದಾರೆ.

ಆ ವಾರ ನನ್ನ ಕೈಯಲ್ಲಿದ್ದದ್ದು ಒಂದು ಧಾರಾವಾಹಿ. ಹೀರೋ ಬೈಕಿನಲ್ಲಿ ಬಂದು ಹೀರೋಯಿನ್ ಮನೆ ಮುಂದೆ ನಿಲ್ಲಿಸಿ ಪೀಂ ಪೀಂ ಎನ್ನಬೇಕು. ಬೈಕು ಬಲಗಡೆ ಹಿಂದಿನಿಂದ ಬರುತ್ತದೆ, ಅಂದರೆ ಕಿಟಕಿ ಕಟ್ಟೆಯ ಸ್ಪೀಕರಿನಿಂದ. ನನಗೆ ಸಮಾಧಾನವಾಗುವ ತನಕ ಹೀರೋ ಬರುತ್ತಲೇ ಇದ್ದ.

ಕೆಳಗೆ ನಡೆಯುತ್ತಿದ್ದುದು ನನಗೇನು ಗೊತ್ತು? ಅಂಕಲ್ ಊಟದಿಂದ ಎದ್ದು ಎಂಜಲು ಕೈಯಲ್ಲೇ ಓಡಿ ಬರುತ್ತಿದ್ದರಂತೆ. "ಯಾವನೋ ಅವ್ನು ಗಾಡಿ ನಿಲ್ಸಿದ್ದು!" ನೋಡಿದರೆ ಬೀದಿ ಖಾಲಿ. ಮತ್ತೆ ಕೂತರೆ ಮತ್ತೆ ಪೀಂ ಪೀಂ. ಮಾರನೇ ದಿನ ಅವರು ಗೇಟಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಸೊಪ್ಪು ಕೊಳ್ಳಲು ಇಳಿದಿದ್ದ ಅತ್ತೆ ಕನಿಕರದಿಂದ, "ಯಾರೋ ಪೋಲಿ ಹುಡುಗರು ನಿಮ್ಮನ್ನ ಆಟ ಆಡಿಸ್ತಿದ್ದಾರೆ ಓನರ್ರೇ" ಎಂದರಂತೆ. ಅಷ್ಟರಲ್ಲಿ ಅವರ ಕಣ್ಣೆದುರೇ ಬೈಕ್ ಇಲ್ಲದೆ ಬೈಕ್ ಬಂದು ನಿಂತಿತು. ಅಂಕಲ್ ಮೆಲ್ಲಗೆ ತಲೆ ಎತ್ತಿದರು. ಕಿಟಕಿಯಲ್ಲಿ ಸ್ಪೀಕರ್ ಕಾಣಿಸಿತು.

ಬಾಗಿಲು ತಟ್ಟಿದ ಸದ್ದಿಗೆ ಹೋಗಿ ತೆಗೆದರೆ ಅಂಕಲ್ ಏದುಸಿರು ಬಿಡುತ್ತಾ ನಿಂತಿದ್ದರು. ಅದು ಧಾರಾವಾಹಿಯ ಹೀರೋ ಬೈಕು ಎಂದು ಒಪ್ಪಿಕೊಂಡೆ.

"ನೋಡಮ್ಮ, ನಿನ್ನ ಹೀರೋಗೆ ಹೇಳು," ಎಂದರು, "ಇನ್ಮೇಲೆ ಗಾಡಿ ಪಕ್ಕದ ಮನೆ ಗೇಟ್ ಮುಂದೆ ನಿಲ್ಸಲಿ."

ಭಾನುವಾರದ ಪಂಚಾಯ್ತಿ

ಇಳಿದು ಹೋಗುವಾಗ ಅವರು ಇನ್ನೊಂದು ಮಾತು ಹೇಳಿದ್ದರು: "ಭಾನುವಾರ ಬರ್ತೀನಿ, ಅಗ್ರಿಮೆಂಟ್ ವಿಷಯ ಮಾತಾಡ್ಬೇಕು." ನನ್ನ ಗಂಡ ಗಿರಿನಗರ, ಹನುಮಂತನಗರದಲ್ಲಿ ಮನೆ ಹುಡುಕಲು ಶುರುವಿಟ್ಟರು. ಭಾನುವಾರ ಬೆಳಗ್ಗೆ ಅತ್ತೆ ಹಿದುಕಿದ ಬೇಳೆ ಹಾಕಿ ಉಪ್ಪಿಟ್ಟು ಮಾಡಿದರು, ಕೊನೆಯ ಅಸ್ತ್ರವೆಂಬಂತೆ.

ಅಂಕಲ್ ಬಂದರು. ಬೇರೆ ಕುರ್ಚಿಗಳ ಮೇಲೆಲ್ಲ ಒಗೆದ ಬಟ್ಟೆ ಇದ್ದುದರಿಂದ ನನ್ನ ಮೇಜಿನ ಕುರ್ಚಿಯಲ್ಲೇ ಕೂತರು. ಉಪ್ಪಿಟ್ಟು ಮುಗಿಸಿ ಗಂಟಲು ಸರಿಮಾಡಿಕೊಂಡರು.

"ನಮ್ಮ ಮಗಳ ಕಡೆಯೋರು ಯಾರೋ ಮನೆ ಕೇಳ್ತಿದ್ದಾರೆ..."

ಖಾಲಿ ಮಾಡಿ ಎನ್ನುವುದಕ್ಕೆ ಬೆಂಗಳೂರಿನ ಓನರುಗಳು ಆಡುವ ಮೊದಲ ಮಾತು ಅದು. ಅತ್ತೆ ತಡಬಡಿಸಿ ಕಾಫಿ ಲೋಟ ಅವರ ಕೈಗಿಟ್ಟು, "ಇವಳೇ, ಆ ದನಗಳದ್ದು ಇದೆಯಲ್ಲ, ಹಾಕೇ" ಎಂದರು. ಮಾತು ತಪ್ಪಿಸಲು ಅವರಿಗೆ ಹೊಳೆದದ್ದು ಅದೊಂದೇ. ಒಂದು ಕಿರುಚಿತ್ರಕ್ಕಾಗಿ ನಾನು ಸಂಜೆ ದನಗಳು ಮನೆಗೆ ಬರುವ ಸದ್ದು ಹಿಡಿದು ತಂದಿದ್ದೆ. ಕೂಡಲೇ ಅದನ್ನು ಹಾಕಿದೆ.

ಎದುರಿನಿಂದ ಗಂಟೆ ಕೇಳಿಸಿತು. ಗೊರಸಿನ ಸದ್ದು ಹತ್ತಿರ ಬಂತು, ಅಂಕಲ್ ಅವರ ಎರಡೂ ಪಕ್ಕ ಹಾದು ಬೆನ್ನ ಹಿಂದೆ ಹೋಯಿತು. ಹಿಂದಿನಿಂದ ಒಂದು ಹಸು ಅಂಬಾ ಎಂದಿತು. ಅಂಕಲ್ ಗಕ್ಕನೆ ತಿರುಗಿ, "ಹೈ! ಹೈ! ಈ ಕಡೆ!" ಎಂದು ಕೈ ಬೀಸಿದರು. ಕಾಫಿ ಪೂರ್ತಿ ಒಗೆದ ಬಟ್ಟೆಗಳ ಮೇಲೆ ಚೆಲ್ಲಿತು.

ಯಾರೂ ನಗಲಿಲ್ಲ. ಅವರೇ ನಾಚಿಕೊಂಡು ನಕ್ಕರು. "ಈ ಮನೆ ಇರೋ ಜಾಗದಲ್ಲೇ ನಮ್ಮ ಕೊಟ್ಟಿಗೆ ಇತ್ತು ಕಣಮ್ಮ. ಲೇಔಟ್ ಆದ್ಮೇಲೆ ಕೊನೇ ಹಸುನ ನಾನೇ ಹೊಡ್ಕೊಂಡು ಹೋಗಿ ಕೊಟ್ಟು ಬಂದೆ. ಇನ್ನೊಂದ್ಸಲ ಹಾಕು." ಕಣ್ಣು ಮುಚ್ಚಿ ಕೇಳಿದರು. ಅವರ ಮುಖ ನೋಡಿದೆ. ಮನೆ ಹೋದರೂ ಹೋಗಲಿ, ಇವರು ಕೇಳಲಿ ಅನ್ನಿಸಿತು.

ಇದ್ದಕ್ಕಿದ್ದಂತೆ ಅವರ ಹುಬ್ಬು ಗಂಟಿಕ್ಕಿತು. "ಅಲ್ಲಮ್ಮ, ಎಡಗಡೆ ಹಸು ಯಾಕೆ ಅಟ್ಟದ ಮೇಲಿಂದ ಕೂಗ್ತಿದೆ?"

"ಮೊಳೆ ಹೊಡೆಯೋ ಹಾಗಿಲ್ವಲ್ಲ ಅಂಕಲ್. ಅದಕ್ಕೆ ಬೀರು ಮೇಲಿಟ್ಟಿದ್ದೀನಿ."

"ಹಸುನ ಯಾರಾದ್ರೂ ಬೀರು ಮೇಲೆ ನಿಲ್ಲಿಸ್ತಾರಾ?" ಎನ್ನುತ್ತಾ ಎದ್ದು ದಡದಡನೆ ಇಳಿದು ಹೋದರು. ವಾಪಸ್ ಬಂದಾಗ ಕೈಯಲ್ಲಿ ಡ್ರಿಲ್ ಮಷೀನ್ ಇತ್ತು. ತಮ್ಮ ಗೋಡೆಗೆ ತಾವೇ ತೂತು ಕೊರೆದು ಎರಡೂ ಸ್ಪೀಕರ್ ನೇತುಹಾಕಿ, ಹಸುಗಳು ನೆಲದ ಮೇಲೆ ಬರುತ್ತಿವೆಯೆಂದು ಕೂತು ಕೇಳಿ ಖಾತ್ರಿ ಮಾಡಿಕೊಂಡರು. "ಅಗ್ರಿಮೆಂಟ್ ಮಾಡಿಸಿಬಿಡಿ. ಮಗಳಿಗೆ ಏನೋ ಒಂದು ಹೇಳ್ತೀನಿ. ಭಾನುವಾರ ಭಾನುವಾರ ಬರ್ತೀನಿ, ದನ ಹಾಕ್ಬೇಕು ಅಷ್ಟೇ."

ಡ್ರಿಲ್ ಇನ್ನೂ ಅವರ ಕೈಯಲ್ಲೇ ಇತ್ತು. ಇಂಥ ಮುಹೂರ್ತ ಮತ್ತೆ ಬರುವುದಿಲ್ಲವೆಂದು ಅತ್ತೆ ಫ್ರಿಜ್ ಮೇಲಿನ ಕ್ಯಾಲೆಂಡರ್ ಎತ್ತಿಕೊಂಡು ಓಡಿ ಬಂದರು. "ಓನರ್ರೇ, ಹಾಗೇ ಇದಕ್ಕೂ ಒಂದು..."

ಅಂಕಲ್ ಗೋಡೆಯನ್ನು ಪ್ರೀತಿಯಿಂದ ಸವರಿದರು. "ಬೇಡಕ್ಕ. ಗೋಡೆ ಹಾಳಾಗುತ್ತೆ."

ಈಗ ನಮ್ಮ ಕ್ಯಾಲೆಂಡರ್ ಎಡಗಡೆಯ ಸ್ಪೀಕರಿಗೆ ನೇತಾಡುತ್ತಿದೆ. ಹಸು ಅಂಬಾ ಎಂದಾಗಲೆಲ್ಲ ಏಕಾದಶಿ ಅಲ್ಲಾಡುತ್ತದೆ.