ಪಾಸಾದರೆ ಮುಡಿ

ಮಲ್ಲು ಎಂಬ ಪುಟ್ಟಮಲ್ಲಪ್ಪನ ಆ ದಿನದ ಸಂಕಟವೆಲ್ಲ ಶುರುವಾದದ್ದು ಕಾಮಗೆರೆಯ ಕ್ಷೌರಿಕ ಹನುಮಯ್ಯ ಬೆಳ್ಳಂಬೆಳಗ್ಗೆ ಆಡಿದ ಒಂದು ಮಾತಿನಿಂದ.

ಹನುಮಯ್ಯ ಕತ್ತಿಯ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದವನು ಮಲ್ಲುವನ್ನು ಕಂಡು ನಿಂತ. ಕೊಯ್ಲಿಗೆ ಬಂದ ರಾಗಿ ಹೊಲವನ್ನು ನೋಡುವಂತೆ ಅವನ ತಲೆಯನ್ನೇ ನೋಡಿದ.

"ಚಿಕ್ಕ ಯಜಮಾನ್ರೆ, ಇವತ್ತು ಎಸ್ಸೆಸ್ಸೆಲ್ಸಿ ರಿಸಲ್ಟಂತೆ? ನೀವು ಪಾಸಾದ್ರೆ ಮಾದಪ್ಪಂಗೆ ಮುಡಿ ಕೊಡ್ತೀವಿ ಅಂತ ನಿಮ್ಮವ್ವಾರು ಅರ್ಕೆ ಕಟ್ಕಂಡವ್ರೆ. ನಿಮ್ಗೆ ಗೊತ್ತಿಲ್ವಾ?"

"ಯಾರ ಮುಡಿ?"

"ಇನ್ಯಾರ್ದು? ಪಾಸಾಗೋರು ನೀವು ತಾನೆ! ಪಾಪ, ಎಂಥಾ ಬೆಳೆ. ನಂಗೇ ಕುಯ್ಯಕೆ ಮನ್ಸು ಬರಲ್ಲ."

ಮಲ್ಲು ತಲೆ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಈಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಹದಿನಾರು ವರ್ಷದ ಹುಡುಗನಿಗೆ ಸ್ವಂತದ್ದು ಅಂತ ಏನಿತ್ತು? ಅಂಗಿ ಸೋದರಮಾವನದು, ಚಪ್ಪಲಿ ಅಣ್ಣನದು, ಸೈಕಲ್ಲು ಗಂಟೆಯ ಬಾಡಿಗೆಯದು. ಸ್ವಂತ ಆಸ್ತಿ ಎಂದರೆ ತಲೆಗೂದಲೊಂದೇ. ಕೊಳ್ಳೇಗಾಲದ ಟೆಂಟಿನಲ್ಲಿ ಮರಳ ಮೇಲೆ ಕೂತು ಸಿನಿಮಾ ನೋಡಿ ಬಂದ ಮೇಲೆ ಮಲ್ಲು ಆರು ತಿಂಗಳು ಪಾಡು ಪಟ್ಟು ಹೀರೋನ ಹಾಗೆ ಹಣೆಯ ಮೇಲೆ ಕೂದಲಿನದೊಂದು ಪಪ್ಪು ಎಬ್ಬಿಸಿದ್ದ. ಎಣ್ಣೆ, ನೀರು, ಬಾಚಣಿಗೆ, ಒದ್ದೆ ಟವಲು ಎಲ್ಲದರ ಸೇವೆ ಪಡೆದು ಅದು ಹೋರಿಯ ಹೆಗಲ ಮೇಲಿನ ಇಣಿಯ ಹಾಗೆ ಎದ್ದು ನಿಂತಿತ್ತು. ಲೆಕ್ಕದ ಪುಸ್ತಕಕ್ಕೆ ಅದರ ಅರ್ಧ ಸೇವೆ ಸಂದಿದ್ದರೂ ಸಾಕಿತ್ತು ಎಂದು ಮೇಷ್ಟ್ರು ಹೇಳುತ್ತಿದ್ದರು.

ಮನೆಗೆ ಓಡಿ ನೋಡಿದರೆ ಹನುಮಯ್ಯನ ಮಾತು ಸುಳ್ಳಲ್ಲ. ದೇವರ ಗೂಡಿನಲ್ಲಿ ಹಳದಿ ಬಟ್ಟೆಗೆ ಹರಕೆಯ ಕಾಸು ಕಟ್ಟಿ ಇಟ್ಟಿದೆ. ಅವ್ವ ಶಿವರತ್ನಮ್ಮ ಬೆಟ್ಟಕ್ಕೆ ಬುತ್ತಿ ಗಂಟು ಕಟ್ಟುವ ಸನ್ನಾಹದಲ್ಲಿದ್ದಾಳೆ. ರಿಸಲ್ಟು ಬಂದರೆ ಸಂಜೆಯ ಬಸ್ಸಿಗೇ ಮಾದಪ್ಪನ ಬೆಟ್ಟ. ನಾಳೆ ಬೆಳಗ್ಗೆ ಬೋಳು ತಲೆ.

ಕೂದಲು ಹೋಗುವುದಾದರೆ ಹೋಗಲಿ, ಅದರದ್ದೊಂದು ಫೋಟೋವಾದರೂ ಉಳಿಯಬೇಕು ಎಂದು ಮಲ್ಲು ತೀರ್ಮಾನಿಸಿದ. ರೇಷ್ಮೆ ಗೂಡು ಬಿಡಿಸಿದ್ದಕ್ಕೆ ಅಜ್ಜಿ ದೊಡ್ಡಬಸಮ್ಮ ಕೊಟ್ಟಿದ್ದ ಕಾಸು ಜೇಬಿಗೆ ಬಿತ್ತು. ಅಪ್ಪ ಮದುವೆ ಮುಂಜಿಗೆ ಮಾತ್ರ ಹಾಕುತ್ತಿದ್ದ ಟೆರಿಲಿನ್ ಷರ್ಟು ಟ್ರಂಕಿನಿಂದ ಮೆಲ್ಲಗೆ ಹೊರಬಂದು ಮಲ್ಲುವಿನ ಮೈಯೇರಿತು. ತಲೆ ಬಾಚೋಣವೆಂದರೆ ಮನೆಯ ಒಂದೇ ಕನ್ನಡಿಯ ಮುಂದೆ ಅಪ್ಪ ದೊಡ್ಡಮಾದಪ್ಪ ನಿಂತಿದ್ದ. ಹೊಲಕ್ಕೆ ಗೊಬ್ಬರ ಹೊಡೆಯಲು ಹೋಗುವಾಗಲೂ ಕ್ರಾಪು ತಿದ್ದಿಕೊಳ್ಳದೆ ಹೊರಡುವ ಆಸಾಮಿಯಲ್ಲ ಅವನು.

ಮಲ್ಲು ಹಿತ್ತಿಲಿನಿಂದ ಜಾರಿ ಊರ ಬಾವಿಯ ಕಟ್ಟೆಗೆ ಬಗ್ಗಿ ನೀರಿನಲ್ಲೇ ತಲೆ ನೋಡಿಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇನ್ನೂ ಬಗ್ಗಿ ನೋಡಿದ. ಪಪ್ಪಿಗೆ ಇದೇ ಕಡೇ ದಿನ ಎಂದು ನೆನೆದು ಕಣ್ಣಲ್ಲಿ ನೀರು ತುಂಬಿತು.

"ಯಾರ್ಲಾ ಅದು, ಬಾವಿಗ್ ಬಗ್ತಾ ಇರೋನು?" ಪಕ್ಕದ ಮನೆಯ ಚನ್ನಾಜಮ್ಮ ಕೊಡ ಹೊತ್ತು ಬಂದಳು. ಕಾಮಗೆರೆಯಲ್ಲಿ ಇರುವೆ ದಾರಿ ತಪ್ಪಿದರೂ ಅವಳಿಗೆ ಗೊತ್ತಾಗಬೇಕು. ಮಲ್ಲು ಕಣ್ಣೊರೆಸಿಕೊಂಡು ಓಟ ಕಿತ್ತ.

ಕೊಳ್ಳೇಗಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಗಾಳಿಗೆ ಪಪ್ಪು ಕೆಡಬಾರದೆಂದು ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತ. ಅಜ್ಜೀಪುರದ ಕಡೆಯ ಮುದುಕಿಯೊಬ್ಬಳು ಪಕ್ಕದಲ್ಲಿದ್ದವಳು ಮರುಗಿದಳು.

"ತಲೆನೋವಾ ಮಗ?"

"ಇಲ್ಲ ಕಣಜ್ಜಿ."

"ಸುಳ್ ಏಳ್ಬ್ಯಾಡ. ಉಷ್ಣ ಕಣಪ್ಪ. ಕಣ್ಣೆಲ್ಲ ಕೆಂಪಾಗವೆ."

ಅವಳು ಮಡಿಲಿನ ಸೀಸೆಯ ಬಿರಡೆ ತೆಗೆದದ್ದನ್ನು ಮಲ್ಲು ಕಂಡ. ಬೇಡ ಎನ್ನುವಷ್ಟರಲ್ಲಿ ಬೊಗಸೆ ಹರಳೆಣ್ಣೆ ಅವನ ನಡುನೆತ್ತಿಗೆ ಬಿದ್ದು, ತಪತಪ ತಟ್ಟಿಸಿಕೊಂಡು, ಎರಡು ಕಿವಿಯ ಕಡೆಗೂ ಇಳಿಯಿತು. ಆರು ತಿಂಗಳ ಪಪ್ಪು ಒದ್ದೆ ಕೋಳಿಯ ಹಾಗೆ ಮಲಗಿತು. "ಈಗ ತಣ್ಣಗಾಯ್ತಾ?" ಎಂದು ಕೇಳಿದಳು ಅಜ್ಜಿ. ಅಷ್ಟು ಪ್ರೀತಿಯಿಂದ ಕೇಳಿದವಳಿಗೆ ಬಯ್ಯಲು ಬಾಯಿ ಬರಲಿಲ್ಲ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ನಲ್ಲಿಗೆ ತಲೆಯೊಡ್ಡಿ, ಟೀ ಅಂಗಡಿಯವನ ಬಟ್ಟೆ ಸೋಪು ಬೇಡಿ ತಂದು ತಿಕ್ಕಿದ. ಬಿಸಿಲಿಗೆ ಒಣಗಿಸಿ, ಬಾಚಿ, ಪಪ್ಪನ್ನು ಮತ್ತೆ ಎಬ್ಬಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಸ್ಟುಡಿಯೋಕ್ಕೆ ಹೋದರೆ ಫೋಟೋದವರು ಊಟಕ್ಕೆ ಹೋಗಿದ್ದರು. ಅವರು ಬಂದು, ಎಲೆಯಡಿಕೆ ಮುಗಿಸಿ, ಕಾಗದದ ಹೂವಿನ ಕುಂಡದ ಪಕ್ಕದ ಕುರ್ಚಿಯಲ್ಲಿ ಮಲ್ಲುವನ್ನು ಕೂರಿಸಿ, ಕರಿಯ ಬಟ್ಟೆಯೊಳಗೆ ತಲೆ ತೂರಿಸಿದರು.

"ಇರೋದು ಒಂದೇ ಪ್ಲೇಟು. ಮೋಡ ಬೇರೆ ಮುಚ್ಚಿದೆ. ನಾನು ಹೇಳೋವರೆಗೂ ಅಲ್ಲಾಡಬೇಡಿ. ರೆಡಿ..."

ಸರಿಯಾಗಿ ಆ ಗಳಿಗೆಗೇ ಬೀದಿಯಲ್ಲಿ ಗದ್ದಲವೆದ್ದಿತು. "ಮೈಸೂರು ಬಸ್ ಬಂತು ಕಣ್ರೋ! ಪೇಪರ್ ಬಂತು!"

ಮಲ್ಲು ಮಿಸುಕಲಿಲ್ಲ ಎಂದೇ ಅವನ ನಂಬಿಕೆ. ಫೋಟೋದವರು ಮಾತ್ರ ಮುಖ ಹುಳ್ಳಗೆ ಮಾಡಿ, "ನೋಡೋಣ, ಎಂಟು ದಿನ ಬಿಟ್ಟು ಬನ್ನಿ" ಎಂದರು.

ಪೇಪರಿಗೆ ಮುತ್ತಿದ ಜನರೊಳಗೆ ನುಗ್ಗಿ ಮಲ್ಲು ತನ್ನ ನಂಬರು ಹುಡುಕಿದ. ಹಿಂದಿನವನ ನಂಬರಿತ್ತು, ಮುಂದಿನವನ ನಂಬರಿತ್ತು. ನಡುವೆ ಇವನದು ಮಾತ್ರ ಇರಲಿಲ್ಲ. ಅಪ್ಪನ ಮುಖ, ಅವ್ವನ ಹಳದಿ ಬಟ್ಟೆ ಎಲ್ಲ ಕಣ್ಣ ಮುಂದೆ ಬಂದು ನಿಜವಾಗಿಯೂ ಅಳು ಬಂತು. ಆಮೇಲೆ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಪಾಸಾದರೆ ತಾನೆ ಮುಡಿ? ಅವನು ಗಟ್ಟಿಯಾಗಿ ನಕ್ಕುಬಿಟ್ಟ.

"ಫಸ್ಟ್ ಕ್ಲಾಸೇನಪ್ಪಾ?" ಎಂದು ಪೇಪರಿನವನು ಕೇಳಿದ.

"ಇಲ್ಲ ಸಾ, ಫೇಲು!" ಎಂದು ಕುಣಿಯುತ್ತಾ ಮಲ್ಲು ಹೋಗುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೊರಟುಹೋಗಿತ್ತು; ಅದರ ಮುಂದಿನದನ್ನು ಹತ್ತಿದ.

ಸಂಜೆ ಕಾಮಗೆರೆಯಲ್ಲಿ ಇಳಿದರೆ ಊರಿಗೆ ಊರೇ ಬಾವಿಯ ಸುತ್ತ ನಿಂತಿತ್ತು. ಹಗ್ಗ ಇಳಿಬಿಟ್ಟಿದ್ದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯಿಂದ ತಳವನ್ನೆಲ್ಲ ಕೆದಕುತ್ತಿದ್ದರು. ಆಗಲೇ ಎರಡು ಬಿಂದಿಗೆ, ಒಂದು ಹಿತ್ತಾಳೆ ಕೊಡ ಮೇಲೆ ಬಂದಿದ್ದವು. ಆ ಕೊಡ ಯಾರದೆಂದು ಚನ್ನಾಜಮ್ಮನಿಗೂ ಗೋವಿಂದಮ್ಮನಿಗೂ ಜಗಳ ಹತ್ತಿತ್ತು. ಮಲ್ಲು ಕುತೂಹಲದಿಂದ ಗುಂಪಿನ ಹಿಂದೆ ನಿಂತು ಇಣುಕಿದ.

"ಯಾರ್ ಬಿದ್ದವ್ರೆ?"

ಮುಂದಿದ್ದ ಗುರುಸಿದ್ದಯ್ಯ ತಿರುಗದೆಯೇ ನಿಟ್ಟುಸಿರು ಬಿಟ್ಟ. "ನಮ್ ದೊಡ್ಡಮಾದಪ್ಪನ ಮಗ ಕಣಪ್ಪ. ಪರೀಕ್ಷೆ ಫೇಲಾದ ಅಂತ ಮಧ್ಯಾನದ ಬಸ್ಸಲ್ಲಿ ಸುದ್ದಿ ಬಂತು. ಬೆಳಗ್ಗೆನೇ ಬಾವಿಗ್ ಬಗ್ಗಿ ಅಳ್ತಾ ಇದ್ದುದ್ದ ಚನ್ನಾಜಮ್ಮ ಕಂಡವ್ರೆ. ಒಳ್ಳೆ ಉಡ್ಗ. ಓದ್ತಿರ್ನಿಲ್ಲ, ಆದ್ರೆ ತಲೆ ಚೆಂದಾಗ್ ಬಾಚ್ತಿದ್ದ."

ಮಲ್ಲುವಿಗೂ ಪಾಪ ಅನ್ನಿಸಿತು. ಅದು ತಾನೇ ಎಂದು ಹೊಳೆಯುವಷ್ಟರಲ್ಲಿ ಚನ್ನಾಜಮ್ಮ ತಿರುಗಿ ನೋಡಿ, ಹಿತ್ತಾಳೆ ಕೊಡವನ್ನು ಮತ್ತೆ ಬಾವಿಗೇ ಬಿಟ್ಟು ಚೀರಿದಳು.

ಅವ್ವ ಓಡಿ ಬಂದು ತಬ್ಬಿಕೊಂಡಳು, ಕೆನ್ನೆಗೆರಡು ಬಿಟ್ಟಳು, ಮತ್ತೆ ತಬ್ಬಿಕೊಂಡಳು. ಎಲ್ಲರಿಗಿಂತ ಮೊದಲು ಬಾವಿಗೆ ಧುಮುಕಿದ್ದವನು ಅಪ್ಪನಂತೆ. ಒದ್ದೆ ಮೈಯಲ್ಲೇ ಬಂದು ಮಲ್ಲುವಿನ ರಟ್ಟೆ ಹಿಡಿದ. ಅವನ ಕ್ರಾಪು ಹಣೆಗೆ ಅಂಟಿತ್ತು. ಬಹಳ ಹೊತ್ತು ಅವನು ರಟ್ಟೆ ಬಿಡಲೇ ಇಲ್ಲ. ಹುಲಿಯಂಥ ಅಪ್ಪ ಕ್ರಾಪು ಕೆಟ್ಟರೂ ತಿದ್ದಿಕೊಳ್ಳದೆ ನಿಂತದ್ದನ್ನು ಮಲ್ಲು ಕಂಡದ್ದು ಅದೊಂದೇ ಸಲ.

ಅಜ್ಜಿ ಊರುಗೋಲು ಬಿಟ್ಟು ಬೆಟ್ಟದ ದಿಕ್ಕಿಗೆ ಕೈ ಮುಗಿದಳು. "ಉಳುಸ್ದಲ್ಲಪ್ಪಾ ಮಾಯ್ಕಾರ ಮಾದಪ್ಪ! ಕೂಸು ಜೀವಂತ ಮನೆಗ್ ಬಂದ್ರೆ ಅದ್ರ ಮುಡಿ ಕೊಡ್ತೀನಿ ಅಂದಿದ್ದೆ. ನಾಳೀಕೇ ಬಂದು ಒಪ್ಪುಸ್ತೀನಿ!"

"ಅಜ್ಜೀ!" ಮಲ್ಲು ಕಿರುಚಿದ. "ನಾ ಫೇಲಾಗಿವ್ನಿ ಕಣಜ್ಜಿ! ಅವ್ವ ಕಟ್ಕಂಡಿದ್ದು ಪಾಸಾದ್ರೆ ಮುಡಿ ಅಂತ! ನನ್ ಕೂದ್ಲು ಉಳೀತು ಅಂತ್ಲೇ ನಾ ಕುಣ್ಕೊಂಡ್ ಬಂದಿವ್ನಿ!"

ಅವ್ವ ಬೆರಗಾಗಿ ಅವನ ಮುಖ ನೋಡಿದಳು. "ನಿನ್ ಮುಡಿ ಅಂತ ಯಾರ್ಲಾ ಏಳಿದ್ದು? ವಯಸ್ಸಿಗ್ ಬಂದ ಮಗನ ತಲೆ ಬೋಳುಸ್ತಾರಾ? ನಾ ಕಟ್ಕಂಡಿದ್ದು ನಿಮ್ಮಪ್ಪನ ಮುಡೀಯ. ನೀ ಪಾಸಾದ್ರೆ ನಿಮ್ಮಪ್ಪ ಕೊಡ್ಬೇಕಾಗಿತ್ತು ಕಣ್ಲಾ."

ಊರೆಲ್ಲ ದೊಡ್ಡಮಾದಪ್ಪನ ಕಡೆಗೆ ತಿರುಗಿತು. ಗುಂಪಿನ ಅಂಚಿನಲ್ಲಿದ್ದ ಹನುಮಯ್ಯ ಪೆಟ್ಟಿಗೆಯನ್ನು ಬೆನ್ನ ಹಿಂದೆ ಮರೆಮಾಡಿದ. ಅಪ್ಪ ಅಷ್ಟರಲ್ಲಿ ಮಗನ ರಟ್ಟೆ ಬಿಟ್ಟಿದ್ದ. ಅವನು ಚಡ್ಡಿಯ ಜೇಬಿನಿಂದ ಒದ್ದೆ ಬಾಚಣಿಗೆ ತೆಗೆದು ಕ್ರಾಪನ್ನು ನಿಧಾನವಾಗಿ ಹಿಂದಕ್ಕೆ ಬಾಚಿಕೊಂಡ.

"ಓಗ್ಲಿ ಬುಡು ಮಗ. ಪರೀಕ್ಷೆ ಇನ್ನೊಂದ್ ಸಲ ಕಟ್ದ್ರಾಯ್ತು. ಪಾಸಾಗಕೆ ಅವಸರ ಏನದೆ?"

ಎಂಟು ದಿನ ಬಿಟ್ಟು ಅಪ್ಪ ರೇಷ್ಮೆ ಗೂಡು ಮಾರಲು ಕೊಳ್ಳೇಗಾಲಕ್ಕೆ ಹೊರಟಾಗ ಮಲ್ಲುವೂ ಹಿಂದೆಯೇ ಹೋದ. ಬೆಟ್ಟದಲ್ಲಿ ಅಜ್ಜಿಯ ಹರಕೆ ಒಪ್ಪಿಸಿ ಬಂದ ಅವನ ತಲೆ ಬಿಸಿಲಿಗೆ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ಪಪ್ಪು ಹೋದರೂ ಫೋಟೋ ಇದೆಯಲ್ಲ ಎಂಬುದೊಂದೇ ಅವನ ಸಮಾಧಾನ.

ಫೋಟೋದವರಿಗೆ ಅವನ ಗುರುತೇ ಸಿಗಲಿಲ್ಲ. ಹೇಗೋ ನಂಬಿಸಿದ ಮೇಲೆ ಲಕೋಟೆ ಕೊಟ್ಟು, "ಅಲ್ಲಾಡಬೇಡಿ ಅಂದಿದ್ದೆ" ಎಂದು ಒಳಗೆ ಹೋಗಿಬಿಟ್ಟರು.

ಫೋಟೋದಲ್ಲಿ ಕುರ್ಚಿ ಇತ್ತು, ಕಾಗದದ ಹೂವಿತ್ತು, ಮಡಿಲಲ್ಲಿಟ್ಟ ಎರಡು ಕೈಗಳಿದ್ದವು. ಷರ್ಟಿನ ಗುಂಡಿಗಳನ್ನು ಬೇಕಾದರೆ ಎಣಿಸಬಹುದಿತ್ತು. ಕಾಲರಿನಿಂದ ಮೇಲೆ, ಪೇಪರ್ ಬಂತೆಂಬ ಕೂಗಿಗೆ ತಿರುಗಿದ ತಲೆಯ ಜಾಗದಲ್ಲಿ, ಬೆಟ್ಟದ ಮೇಲಿನ ಬೆಳಗಿನ ಮಂಜು ಕವಿದಿತ್ತು. ಆ ಮಂಜಿನೊಳಗೆ ಎಲ್ಲೋ ಆರು ತಿಂಗಳ ಪಪ್ಪು ಇತ್ತು, ಹದಿನಾರು ವರ್ಷದ ಮಲ್ಲುವೂ ಇದ್ದ. ಆಮೇಲೆ ಎಷ್ಟು ವರ್ಷ ಎಷ್ಟು ಸಲ ತೆಗೆದು ನೋಡಿದರೂ ಅವರಿಬ್ಬರೂ ಕೈಗೆ ಸಿಗಲಿಲ್ಲ.

ಅಪ್ಪ ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದ. ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ. ಮಗನ ಬೋಳುತಲೆಯನ್ನು ಅಂಗೈಯಿಂದ ಮೆಲ್ಲಗೆ ಸವರಿ ಸಮಾಧಾನ ಹೇಳಿದ.

"ನನ್ ಷರ್ಟು ಚೆಂದಾಗ್ ಬಂದದೆ ಕಣ್ಲಾ."