ಮಗಳ ಮೂಗನ್ನು ನೆಟ್ಟಗೆ ಕೂರಿಸಿದ ಯಂತ್ರದ ಮೇಲೊಂದು ದೂರು

ಮಕ್ಕಳ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ, ಕಿಟಕಿಯ ಪಕ್ಕದ ಮೂಲೆಯಲ್ಲಿ ಚಕ್ರಗಳ ಮೇಲೆ ಬಿಜಯಂಗೈದಿರುವ ಅಲ್ಟ್ರಾಸೌಂಡ್ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ವೈರುಗಳು ಸಿಕ್ಕಾಗಿಲ್ಲವೆಂದೂ ನಂಬಿ, ತಮ್ಮಿಂದ ನಮ್ಮ ವಂಶಕ್ಕಾದ ನಷ್ಟವನ್ನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನನ್ನ ಮಗಳನ್ನು ತಾವು ಬಲ್ಲಿರಿ. ನಿಂತಲ್ಲಿ ನಿಲ್ಲದವಳಾದ್ದರಿಂದ ನಾವೆಲ್ಲ ಅವಳನ್ನು ಬುಗುರಿ ಎನ್ನುತ್ತೇವೆ. ಕಳೆದ ತಿಂಗಳು ನನ್ನ ಹೆಂಡತಿ ಬಾಲ್ಕನಿಯ ಗಾಜಿನ ಬಾಗಿಲನ್ನು, ಅಲ್ಲಿ ಬಾಗಿಲೇ ಇಲ್ಲವೇನೋ ಎನ್ನುವಷ್ಟು ಚೆನ್ನಾಗಿ ಒರೆಸಿದಳು. ಬುಗುರಿ ಅದನ್ನೇ ನಂಬಿ ಓಡಿದಳು. ಸಂಜೆಯ ಹೊತ್ತಿಗೆ ಮುಖವೆಲ್ಲ ಊದಿಕೊಂಡು, ಮೂಗು ಎತ್ತ ವಾಲಿದೆಯೆಂದು ಹೇಳುವುದೇ ಕಷ್ಟವಾಯಿತು. ನನ್ನ ಅಮ್ಮನೊಬ್ಬರೇ ಧೈರ್ಯವಾಗಿದ್ದವರು. "ಏನೂ ಆಗಲ್ಲ ಬಿಡೋ, ನೀನು ಚಿಕ್ಕೋನಿದ್ದಾಗ ನಿಂಗೂ ಹೀಗೇ ಆಗಿತ್ತು" ಎಂದರು. ಎಲ್ಲರೂ ನನ್ನ ಮೂಗಿನತ್ತ ನೋಡಿದರು. ಹೆಂಡತಿ ತಕ್ಷಣ ಕಾರಿನ ಕೀ ತೆಗೆದುಕೊಂಡಳು.

ಚಿಕ್ಕಂದಿನಲ್ಲಿ ನನ್ನನ್ನು ನೋಡಿದ ವೈದ್ಯರು ಹೆಬ್ಬೆರಳಿನಿಂದ ಒತ್ತಿ, ಸವರಿ, ಸರಿಹೋಯಿತೆಂದು ಕೈ ತೊಳೆದುಕೊಂಡಿದ್ದರು. ಅಂದಿನಿಂದ ನಾನು ನೇರ ಹೋಗುವಾಗಲೂ ನನ್ನ ಮೂಗು ಎಡಕ್ಕೆ ಸಿಗ್ನಲ್ ಕೊಡುತ್ತಿದೆ.

ತಾವಾದರೋ ಹಾಗಲ್ಲ. ತಮ್ಮ ವಿಭಾಗದ ವೈದ್ಯೆ ಬುಗುರಿಯ ಮೂಗಿಗೆ ತಣ್ಣನೆಯ ಜೆಲ್ ಸವರಿ, ತಮ್ಮ ವೈರಿನ ತುದಿಯ ಪುಟ್ಟ ಹಿಡಿಯನ್ನು ಹಗುರವಾಗಿ ಆಡಿಸಿದ್ದೇ ತಡ, ತಾವು ಪರದೆಯ ಮೇಲೆ ಮೂಗಿನ ಎಲುಬೆಂಬ ಒಂದು ಬಿಳಿ ಗೆರೆಯನ್ನೂ ಅದು ನಡುವೆ ಮುರಿದು ಕೆಳಗಿಳಿದಿರುವುದನ್ನೂ ತೋರಿಸಿಬಿಟ್ಟಿರಿ. "ನನ್ ಮೂಗೊಳಗೆ ಮೆಟ್ಟಿಲಿದ್ಯಾ?" ಎಂದು ಬುಗುರಿ ಕೇಳಿದಳು. "ಇದೆ ಪುಟ್ಟಿ. ಊತ ಸ್ವಲ್ಪ ಇಳೀಲಿ, ಆಮೇಲೆ ಸಮ ಮಾಡೋಣ. ಕೊಯ್ಯೋದೇನೂ ಇರಲ್ಲ" ಎಂದರು ವೈದ್ಯೆ.

ಊತ ಇಳಿಯುತ್ತಾ ಬಂದ ಮೇಲೆ, ಅರಿವಳಿಕೆ ಕೊಡಲು ಅವಳನ್ನು ಒಳಗೆ ಕರೆದೊಯ್ದರು. ಹೊರಗೆ ಹೆಂಡತಿ ಮಗಳ ಚಪ್ಪಲಿಗಳನ್ನು ಎದೆಗವಚಿಕೊಂಡು ಕೂತಳು. ನಾನು ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರಿನ ಬಳಕೆಯ ವಿಧಾನವನ್ನು ಬಾಯಿಪಾಠ ಮಾಡಿದೆ. ಕೊನೆಗೆ ವೈದ್ಯೆ ಬಂದು, ತಾವು ತೆಗೆದ ಚಿತ್ರಗಳನ್ನು ತೋರಿಸಿದರು. "ಮೊದಲನೇ ಸಲ ಎಲುಬು ಎತ್ತಿದಾಗ ಸರಿಯಾಯ್ತು ಅಂತಾನೇ ಕೈಗೆ ಅನ್ನಿಸ್ತು. ಉಳಿದಿರೋ ಊತ ಮೋಸ ಮಾಡುತ್ತೆ ನೋಡಿ. ಸ್ಕ್ರೀನಲ್ಲಿ ನೋಡಿದ್ರೆ ಒಂದು ಕಡೆ ಇನ್ನೂ ಕುಸಿದಿತ್ತು. ಮತ್ತೆ ಎತ್ತಿ ಕೂರಿಸಿದೆ."

ಮಾನ್ಯರೇ, ನನ್ನ ವೈದ್ಯರು ಕೈ ತೊಳೆದುಕೊಂಡದ್ದು ಕೈಗೆ ಸರಿಯೆನ್ನಿಸಿದ ಆ ಮೊದಲ ಘಟ್ಟದಲ್ಲೇ. ಅವರನ್ನು ದೂರಲಾರೆ, ಅವರಿಗೆ ತಾವಿರಲಿಲ್ಲ. ನಾನು ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟೆ. ಒಂದೇ ಹೊಳ್ಳೆಯಲ್ಲಿ ಉಸಿರಾಡುವವನು ಅಳುವಾಗ ಎಂಥ ಸದ್ದು ಬರುತ್ತದೆಂದರೆ, ನರ್ಸ್ ಓಡಿ ಬಂದು ಯಾವ ಮಗುವಿಗೆ ಏನಾಯಿತೆಂದು ವಿಚಾರಿಸಿದರು.

ಈಗ ಪಟ್ಟಿ ಬಿಚ್ಚಿದ್ದಾರೆ. ಮೂಗು ಎಷ್ಟು ನೆಟ್ಟಗಿದೆಯೆಂದರೆ, ನನ್ನ ಅತ್ತೆಯವರು ಅದು ತಮ್ಮ ಮನೆತನದ್ದೆಂದು ಕಂಡಕಂಡವರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಾರೆ. ನನ್ನ ದೂರು ಇದೇ. ನನ್ನ ಪಾಲಿಗೆಂದು ಕೂದಲೆಳೆಯಷ್ಟಾದರೂ ಎಡವಾಲಿಕೆಯನ್ನು ತಾವು ಉಳಿಸಬಾರದಿತ್ತೇ? ಆದ್ದರಿಂದ ತಾವು ಕೃಪೆಮಾಡಿ ಚಕ್ರಗಳ ಮೇಲೆ ನಮ್ಮ ಮನೆಯವರೆಗೆ ದಯಮಾಡಿಸಿ, ಆ ಎಲುಬು ತಂದೆಯ ಕಡೆಯದೆಂದು ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು ತೋರಿಸಬೇಕು. ಹಾಗೆಯೇ, "ಏನೂ ಆಗಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ವಾ" ಎಂದು ಬೀಗುತ್ತಿರುವ ನನ್ನ ಅಮ್ಮನ ತಲೆಯ ಮೇಲೂ ಹಿಡಿಯನ್ನೊಮ್ಮೆ ಆಡಿಸಿ, ಒಳಗೆ ಏನು ನಡೆದಿದೆಯೆಂದು ತಿಳಿಸಬೇಕು.

ಮಗಳು ಎರಡೂ ಹೊಳ್ಳೆಗಳಲ್ಲಿ ಉಸಿರಾಡುತ್ತಾ ಮಲಗಿರುವುದನ್ನು ಬಾಗಿಲಲ್ಲಿ ನಿಂತು ಕೇಳುತ್ತಾ, ಎಡಕ್ಕೆ ವಾಲಿದ್ದರೂ

ತಮ್ಮ ವಿಶ್ವಾಸಿ,
ಬುಗುರಿಯ ಅಪ್ಪ

ತಾ.ಕ.: ನನ್ನ ಮೂಗನ್ನೂ ಒಮ್ಮೆ ನೋಡಿ ಎಂದು ಕೇಳಿಕೊಂಡಾಗ, ಇದು ಮಕ್ಕಳ ವಿಭಾಗ, ದೊಡ್ಡವರಿಗಲ್ಲ ಎಂದು ತಮ್ಮ ಸಿಬ್ಬಂದಿ ವಾಪಸು ಕಳಿಸಿದರು. ನನ್ನನ್ನು ದೊಡ್ಡವನೆಂದು ಒಪ್ಪಿಕೊಂಡವರು ಈ ಜಗತ್ತಿನಲ್ಲಿ ಅವರೊಬ್ಬರೇ. ಹೆಂಡತಿ ನಂಬುತ್ತಿಲ್ಲ, ದಯವಿಟ್ಟು ಸ್ಕ್ಯಾನ್ ಮಾಡಿ ಖಚಿತಪಡಿಸಿ.