ಡೆನಿಜನ್ ಎಂಬ ಮಾನ್ಯ ಪದಕ್ಕೆ, ನನ್ನ ಹಿರಿಮಗಳ ವಿಷಯವಾಗಿ

ಇಂಗ್ಲಿಷ್ ನಿಘಂಟುಗಳಲ್ಲಿ ಬಿಜಯಂಗೈದಿರುವ ಮಾನ್ಯ ಡೆನಿಜನ್ ಪದದವರ ಸನ್ನಿಧಿಗೆ, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಬೀದಿಯ ರೇಷ್ಮೆ ನೇಕಾರ ಗೆಡೆಯೋನ್ ಪ್ಲಾಂಶೋ ಮಾಡುವ ಸಾವಿರ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವೆಂದು ಬಲ್ಲೆ. ತಮಗೇನಾಗಬೇಕು? ತಾವೂ ನನ್ನ ಹಾಗೆ ಫ್ರಾನ್ಸಿನಿಂದ ಬಂದವರು. ‘ಒಳಗೆ’ ಎನ್ನಲು ನಮ್ಮ ಹಿಂದಿನವರು ಆಡುತ್ತಿದ್ದ ಮಾತಿನಿಂದ ಹುಟ್ಟಿ, ‘ಒಳಗಿನವನು’ ಎಂಬ ಅರ್ಥ ಹೊತ್ತು ಮೂರ್ನೂರು ವರ್ಷಗಳ ಹಿಂದೆಯೇ ಕಡಲು ದಾಟಿದಿರಿ. ದಡದಲ್ಲಿ ತಮ್ಮನ್ನು ಯಾರೂ ತಡೆದು ಕಾಗದ ಕೇಳಲಿಲ್ಲ. ನಾನು ಬಾಯಿ ತೆರೆದರೆ ಸಾಕು ಕಿಸಕ್ಕೆಂದು ನಗುವ ರೊಟ್ಟಿಯಂಗಡಿಯವಳು, ತಮ್ಮನ್ನು ಉಚ್ಚರಿಸುವಾಗ ಮನೆಮಗನ ಹೆಸರೆಂಬಂತೆ ಉಚ್ಚರಿಸುತ್ತಾಳೆ. ಇದನ್ನು ಹೊಟ್ಟೆಯುರಿ ಎಂದುಕೊಂಡರೂ ಸರಿಯೇ.

ಏಳು ವರ್ಷದ ಹಿಂದೆ ಅರಸರ ಮೊಹರಿನ ಪತ್ರದಲ್ಲಿ ನನ್ನನ್ನು ಡೆನಿಜನ್ ಮಾಡಿದರು. ಪರದೇಶಿಯೂ ಅಲ್ಲದ, ಈ ನೆಲದ ಪ್ರಜೆಯೂ ಅಲ್ಲದ, ಹೊಸ್ತಿಲ ಮೇಲೆ ಕೂತವನನ್ನು ಒಳಗಿನವನೆಂದು ಕರೆಯುವ ತಮ್ಮ ಔದಾರ್ಯಕ್ಕೆ ಏನೆನ್ನಲಿ! ಮನೆ ಕೊಳ್ಳಬಹುದು ಎಂದಿರಿ, ಕೊಂಡೆ, ಎರಡು ಮಗ್ಗ ಹೂಡಿದೆ. ಪತ್ರ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಮನೆ ಸಲ್ಲುತ್ತದೆ, ಮೊದಲೇ ಹುಟ್ಟಿದವರಿಗೆ ಪತ್ರದಲ್ಲಿ ಹೆಸರಿಲ್ಲದಿದ್ದರೆ ಸಲ್ಲದು ಎಂಬುದು ಮಾತ್ರ ಆಮೇಲೆ ತಿಳಿಯಿತು. ಹೀಗಾಗಿ ರೇಷ್ಮೆಯ ಉಂಡೆಯನ್ನು ಬೆಕ್ಕಿಗೆ ಕೊಟ್ಟು ಆಡುವ ಆರು ವರ್ಷದ ಕಿರಿಮಗಳು ಮಾರ್ತ ನಾಳೆ ಮನೆಯ ಒಡತಿ. ನನಗೆ ಕೆಮ್ಮು ಹತ್ತಿದಂದಿನಿಂದ ಎರಡೂ ಮಗ್ಗ ನಡೆಸುತ್ತಿರುವ ಹದಿನೆಂಟರ ಒಲಿಂಪ್ ಯಾರೂ ಅಲ್ಲ. ನಾನು ಕಣ್ಣು ಮುಚ್ಚಿದರೆ ಅವಳು ತಂಗಿಯ ಹಂಗಿನಲ್ಲಿ ಬಾಳಬೇಕು.

ತಪ್ಪು ಯಾರದೆಂದು ಕೇಳುವಿರಿ. ನನ್ನದೇ. ಪತ್ರ ಬರೆಯುವ ಗುಮಾಸ್ತರು ಬಲು ಸಜ್ಜನರು. ಮಕ್ಕಳೆಷ್ಟು, ಅವರ ಹೆಸರನ್ನೂ ಸೇರಿಸುತ್ತೇನೆ ಎಂದರು. ನಮ್ಮ ತೂರ್ ಪಟ್ಟಣದಲ್ಲಿ ಕಾಗದ ಹಿಡಿದವರು ಆ ಪ್ರಶ್ನೆ ಕೇಳುತ್ತಿದ್ದುದು, ಅರಸನ ಮತಕ್ಕೆ ಸೇರದ ನಮ್ಮಂಥವರ ಮಕ್ಕಳನ್ನು ಎಳೆದೊಯ್ದು ಸನ್ಯಾಸಿನಿಯರ ಮಠಕ್ಕೆ ಹಾಕಲು. ಪಕ್ಕದ ಮನೆಯ ಇಬ್ಬರು ಹಾಗೆಯೇ ಹೋದರು. ವರ್ಷಗಟ್ಟಲೆ ಒಂದೇ ಉತ್ತರಕ್ಕೆ ಪಳಗಿದ್ದ ನಾಲಗೆ ನನ್ನನ್ನು ಕೇಳದೆ “ಮಕ್ಕಳಿಲ್ಲ ಸ್ವಾಮಿ” ಎಂದುಬಿಟ್ಟಿತು. ಬಾಗಿಲ ಬಳಿಯಿದ್ದ ಹನ್ನೊಂದರ ಒಲಿಂಪ್ ನಾವು ಕಲಿಸಿದ ಹಾಗೆ, ನಾನು ಯಾರೋ ಎಂಬಂತೆ, ಗೋಡೆ ನೋಡುತ್ತ ನಿಂತಳು. ಮೊಹರು ಬಿದ್ದ ಪತ್ರ ಮನೆಗೆ ಬಂದ ದಿನ ಹೆಂಡತಿ ರಾಶೆಲ್ ಅದನ್ನು ಓದಿಸಿಕೊಂಡು, “ಅಲ್ರೀ, ಇದ್ರಲ್ಲಿ ಹುಡುಗಿ ಎಲ್ಲಿ?” ಎಂದಾಗಲೇ ನನಗೆ ಎಚ್ಚರವಾದದ್ದು. ಮೊಹರು ಬಿದ್ದದ್ದನ್ನು ಇನ್ನು ತಿದ್ದಲಾಗದಂತೆ.

ಹೋಗಲಿ, ಅವಳ ಹೆಸರಿಗೇ ಬೇರೆ ಪತ್ರ ಮಾಡಿಸೋಣವೆಂದರೆ ಲೇಖನಿ ಹಿಡಿದವರ ಮುಂದೆ ಬಾಯಿ ಬಿಡಳು. ಬಯ್ದೆ, ಕೊನೆಗೆ ಕೈಮುಗಿದೆ. “ಬರ್ಕೊಂಡೋರು ಒಂದಿನ ಹುಡುಕ್ಕೊಂಡು ಬರ್ತಾರಪ್ಪ. ನಾನು ಇಲ್ದೇ ಇರೋದೇ ವಾಸಿ,” ಎಂದು ಮಗ್ಗದಿಂದ ತಲೆಯೆತ್ತದೆ ಹೇಳಿದಳು. ನಾನೇ ಕಲಿಸಿದ ಪಾಠ.

ಆದ್ದರಿಂದ ಮಹನೀಯರಲ್ಲಿ ಅರಿಕೆ: ತಾವು ಒಂದಿಷ್ಟು ಸಡಿಲಗೊಂಡು ಆ ಹನ್ನೊಂದು ವರ್ಷಗಳನ್ನೂ ಒಳಗೆ ಸೇರಿಸಿಕೊಳ್ಳಬೇಕು. ಆಗದಿದ್ದರೆ ಒಲಿಂಪಳನ್ನು, ತಾಯಿಗೆ ಶ್ರಮವಾಗದಂತೆ, ಇದೇ ಬೀದಿಯಲ್ಲಿ ಇನ್ನೊಮ್ಮೆ ಹುಟ್ಟಿಸಿಕೊಡಬೇಕು. ಅದೂ ಕಷ್ಟವೆಂದರೆ ತಾವೇ ಹಡಗು ಹತ್ತಿ ತವರಿಗೆ ಮರಳಿ, ಅಲ್ಲಿನ ಅಧಿಕಾರಿಗಳು ‘ನೀನು ಯಾರವನು’ ಎಂದು ಕೇಳಿದಾಗ ಏನು ಹೇಳುವಿರೆಂದು ನನಗೆ ಬರೆದು ತಿಳಿಸಬೇಕು.

ಹೊಸ್ತಿಲಿನಿಂದಲೇ,
ತಮ್ಮ ವಿಶ್ವಾಸಿ,
ಗೆಡೆಯೋನ್ ಪ್ಲಾಂಶೋ

ಮರೆತ ಮಾತು: ನಿನ್ನೆ ಮನೆಮನೆಯ ಜನರ ಹೆಸರು ಬರೆದುಕೊಳ್ಳುವವರು ಬಂದಿದ್ದರು. ರಾಶೆಲ್ ಸಂತೆಗೆ ಹೋಗಿದ್ದಳು. ಈ ಸಲ ತಪ್ಪಬಾರದೆಂದು ಕೆಮ್ಮುತ್ತಲೇ ಬಾಗಿಲಿಗೆ ಓಡಿ, “ಇಬ್ರು ಹೆಣ್ಣುಮಕ್ಕಳು, ಇಬ್ರದ್ದೂ ಬರ್ಕೊಳ್ಳಿ” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದೆ. ಎಲ್ಲಿ, ಕರೆಯಿರಿ ಎಂದರು. ತಿರುಗಿ ನೋಡಿದರೆ ಮಗ್ಗಗಳ ಮುಂದೆ ಯಾರೂ ಇಲ್ಲ. ಒಲಿಂಪ್ ತಂಗಿಯ ಬಾಯಿಗೆ ಕೈಯಿಟ್ಟು ಅಟ್ಟ ಹತ್ತಿದ್ದಳು. ಎಷ್ಟು ಕೂಗಿದರೂ ಇಳಿಯಲಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡ ಆ ಪುಣ್ಯಾತ್ಮರು ‘ಮಕ್ಕಳಿಲ್ಲ’ ಎಂದು ಬರೆದು, ನನ್ನ ಬೆನ್ನು ತಟ್ಟಿ ಹೋದರು. ನನ್ನ ಇಬ್ಬರು ಮಕ್ಕಳ ನಡುವಿನ ತಾರತಮ್ಯ ಹೀಗೆ ಕೊನೆಗೂ ನಿವಾರಣೆಯಾದುದಕ್ಕೆ ತಮಗೆ ಧನ್ಯವಾದಗಳು.